ಮೊದಲು ಒತ್ತಿದವರು

ನನ್ನನ್ನು ಕೆಲಸದಿಂದ ತೆಗೆಯುವ ಪತ್ರವನ್ನು ನಾನೇ ಟೈಪ್ ಮಾಡುವ ಕಾಲ ಹತ್ತಿರ ಬಂದಿತ್ತು. ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷ ಆಗಿದ್ದಿರಬೇಕು. ತುಮಕೂರಿನ ಅಂಚಿನ ಅಂತರಸನಹಳ್ಳಿಯ ಒಂದು ಫ್ಯಾಕ್ಟರಿಯ ಆಫೀಸಿನಲ್ಲಿ ನಾನು ಟೈಪಿಸ್ಟ್, ಇನ್ನೂ ಪ್ರೊಬೇಷನ್ ಮೇಲೆ. ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆಲ್ಲ ಕೆಂಪು ಶಾಯಿಯ 'ಲೇಟ್' ಗುರುತು.

ನಾನೇನು ಬೇಕೆಂದೇ ತಡ ಮಾಡುತ್ತಿದ್ದೆನೇ? ನಮ್ಮೂರು ಹೆಬ್ಬೂರು. ಬೆಳಗಿನ ಬಸ್ಸು ಕುಣಿಗಲ್‌ನಲ್ಲೇ ತುಂಬಿಕೊಂಡು ಬಂದು, ಕೈ ಅಡ್ಡ ಹಿಡಿದವರ ಮುಖಕ್ಕೆ ಧೂಳು ಹೊಡೆದು ಹೋಗುತ್ತಿತ್ತು. ಮುಂದಿನ ಬಸ್ಸು ಹಿಡಿದು ತುಮಕೂರಿಗೆ ಬಂದು, ಅಲ್ಲಿ ಇನ್ನೊಂದು ಬಸ್ಸು ಹತ್ತಿ, ಗೇಟಿನಿಂದ ಆಫೀಸಿನವರೆಗೆ ಚಪ್ಪಲಿ ಕೈಯಲ್ಲಿ ಹಿಡಿದು ಓಡಿದರೂ ಲೇಟೇ.

ಗುಬ್ಬಿ ಕಡೆಗೆ ಕಂಪನಿ ಬಸ್ಸಿತ್ತು. ಕುಣಿಗಲ್ ರೋಡಿಗೂ ಒಂದು ಬಿಡಿ ಎಂದು ನಾವು ಹದಿನೆಂಟು ಜನ ಅರ್ಜಿ ಕೊಟ್ಟೆವು. ಮ್ಯಾನೇಜರ್ ಒಪ್ಪಿದರು, ಒಂದು ಷರತ್ತಿನ ಮೇಲೆ: ಬಸ್ಸು ಸುತ್ತಿಕೊಂಡು ಬರಬೇಕಾದ್ದರಿಂದ ಶಿಫ್ಟ್ ಕಾಲು ಗಂಟೆ ಮುಂದಕ್ಕೆ ಹೋಗುತ್ತದೆ, ಅದಕ್ಕೆ ಎಂಟು ಸೆಕ್ಷನ್ ಹೆಡ್‌ಗಳೂ ಬರವಣಿಗೆಯಲ್ಲಿ ಒಪ್ಪಬೇಕು.

ಸಹಿಗೆಂದು ಸರ್ಕ್ಯುಲರ್ ಪುಸ್ತಕ ಹಿಡಿದು ಎರಡು ತಿಂಗಳು ಅಲೆದೆ. ಬಾಯಲ್ಲಿ ಎಲ್ಲರೂ ಒಳ್ಳೆಯವರೇ. "ಆಗ್ಲಿ ಬುಡಮ್ಮ, ನಂದೇನೂ ಅಡ್ಡಿಯಿಲ್ಲ" ಎನ್ನುವರು. ಪೆನ್ನು ಕೊಟ್ಟ ಕೂಡಲೇ ಪುಟ ತಿರುವಿ ನೋಡುವರು. "ಯಾರೂ ಹಾಕೇ ಇಲ್ವಲ್ಲ? ಫಸ್ಟು ಸ್ಟೋರ್ಸ್‌ನೋರು ಹಾಕ್ಲಿ. ಆಮೇಲೆ ನೋಡೋಣ."

ಸ್ಟೋರ್ಸಿನ ಹೆಡ್ ಎಲ್ಲರಿಗಿಂತ ಹಿರಿಯರು, ಗುಬ್ಬಿಯವರು. ಮಹಾ ಸಿಡುಕ. ಗುಬ್ಬಿ ಬಸ್ಸಿನಲ್ಲಿ ಡ್ರೈವರ್ ಹಿಂದಿನ ಕಿಟಕಿ ಸೀಟು ಅವರದೇ. ಶಿಫ್ಟ್ ಮುಂದಕ್ಕೆ ಹೋದರೆ ಮನೆ ಸೇರುವುದು ತಡ ಎಂದು ಆ ಬಸ್ಸಿನವರೆಲ್ಲ ಉರಿದುಬೀಳುತ್ತಿದ್ದರು. ಸ್ಟೋರ್ಸಿನವರು ಪುಸ್ತಕದ ಕಡೆ ತಿರುಗಿಯೂ ನೋಡಲಿಲ್ಲ. "ಅಲ್ಲಿಟ್ಟು ಹೋಗು" ಎಂದರು. ಇಟ್ಟಲ್ಲೇ ಅದಕ್ಕೆ ಧೂಳು ಕೂತಿತು. ಅವರಿಗೆ ನಾನು ಮನಸ್ಸಿನಲ್ಲಿ ಹಾಕಿದ ಶಾಪ ಒಂದೆರಡಲ್ಲ.

"ಈ ಶನಿವಾರ ಸಂಜೆ ಕೊನೆ. ಆಗದಿದ್ದರೆ ಫೈಲ್ ಮುಚ್ಚಿಬಿಡ್ತೀನಿ" ಎಂದರು ಮ್ಯಾನೇಜರ್. ಫೈಲ್ ಮುಚ್ಚಿದರೆ ನನ್ನ ಕೆಲಸವೂ ಮುಚ್ಚಿದಂತೆಯೇ.

ಹೊಸದಾಗಿ ಎಲ್ಲರ ಮೇಜಿಗೂ ಕಂಪ್ಯೂಟರ್, ಈಮೇಲ್ ಬಂದಿತ್ತು. ಊಟದ ಹೊತ್ತಿನಲ್ಲಿ ಆ ಪ್ರೋಗ್ರಾಮಿನ ಮೆನುಗಳನ್ನು ಕೆದಕುವ ಚಟ ನನಗಿತ್ತು. ಮೇಲ್‌ನ ಮೇಲ್ಭಾಗದಲ್ಲೇ ವೋಟಿನ ಗುಂಡಿ ಇಡಬಹುದು, ಓದಿದವರು ಒತ್ತಿದರೆ ಸಾಕು, ಅವರ ಉತ್ತರ, ಮೇಲ್ ಕಳಿಸಿದವರಿಗೆ ಮಾತ್ರ ಬರುತ್ತದೆ. ಯಾರು ಒತ್ತಿದರೆಂದು ಪಕ್ಕದವರಿಗೆ ಕಾಣುವುದೇ ಇಲ್ಲ! ಅದನ್ನು ಕಂಡಾಗ ಕುಣಿಯುವುದೊಂದು ಬಾಕಿ. ಶುಕ್ರವಾರ ಬೆಳಿಗ್ಗೆ ಎಂಟು ಜನರಿಗೂ ಮೇಲ್ ಕಳಿಸಿದೆ. ಎರಡೇ ಗುಂಡಿ: 'ಯೆಸ್', 'ನೋ'. 'ನೋಡೋಣ' ಎಂಬುದಕ್ಕೆ ಗುಂಡಿಯನ್ನೇ ಇಡಲಿಲ್ಲ. ಜೊತೆಗೆ ಮೇಲ್‌ಗೆ ಕೆಂಪು ಬಾವುಟದ ಗುರುತು ಸಿಕ್ಕಿಸಿ, ಶನಿವಾರ ಮೂರು ಗಂಟೆಗೆ ಅವರವರ ಪರದೆಯಲ್ಲೇ ರಿಮೈಂಡರ್ ಗಂಟೆ ಹೊಡೆಯುವಂತೆ ಮಾಡಿದೆ.

ಎರಡೇ ನಿಮಿಷಕ್ಕೆ ಒಂದು 'ಯೆಸ್' ಬಂತು. ಹೆಸರು ನೋಡಿ ಕಣ್ಣುಜ್ಜಿಕೊಂಡೆ. ಸ್ಟೋರ್ಸಿನವರು!

ಹಿಂದೆಯೇ ಅವರೂ ಬಂದು ಮೇಜಿನ ಮುಂದೆ ನಿಂತರು. "ಒತ್ತಿದೀನಿ. ನಾನೇ ಫಸ್ಟು ಅಂತ ಯಾರ ಹತ್ರಾನೂ ಬಾಯ್ಬಿಡಬೇಡ. ಬಸ್ಸಲ್ಲಿ ನನ್ನ ಹರ್ಕೊಂಡು ತಿಂತಾರೆ."

"ನೀವು ಒಪ್ತೀರಾ ಅಂತ ಅನ್ಕೊಂಡೇ ಇರ್ಲಿಲ್ಲ ಸಾರ್" ಎಂದೆ.

"ನನ್ನ ಕಿಟಕಿಯಿಂದ ಗೇಟು ಕಾಣುತ್ತೆ ಕಣಮ್ಮ. ದಿನಾ ಬೆಳಿಗ್ಗೆ ನೀನು ಓಡಿಬರೋದ ನೋಡೋಕಾಗಲ್ಲ." ಅಷ್ಟು ಹೇಳಿ ಸಿಡುಕು ಮುಖ ಮಾಡಿಕೊಂಡೇ ಹೊರಟುಹೋದರು. ನಾಚಿಕೆಯಾಯಿತು ನನಗೆ, ಹಾಕಿದ ಶಾಪವೆಲ್ಲ ನೆನಪಾಗಿ.

ಆಮೇಲೆ ಶುರುವಾಯಿತು ಮೆರವಣಿಗೆ. ಒಬ್ಬೊಬ್ಬರಾಗಿ ನನ್ನ ಮೇಜಿಗೆ ಬಂದು, "ಸ್ಟೋರ್ಸ್‌ನೋರು ಒತ್ತಿದ್ರಾ?" ಹೌದು ಎಂದು ಒಂದು ಮಾತು ಅಂದಿದ್ದರೆ ಏಳೂ ವೋಟು ಅಲ್ಲೇ ಬೀಳುತ್ತಿದ್ದವು. ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. "ಹೇಳಂಗಿಲ್ಲ ಸಾರ್" ಎಂದು ಏಳು ಸಲ ಹೇಳಿದೆ. ಶನಿವಾರ ಮಧ್ಯಾಹ್ನ ಊಟದ ಹೊತ್ತಾದರೂ ಬಂದಿದ್ದು ಅದೊಂದೇ ವೋಟು.

ಮೂರು ಗಂಟೆ. ಆಫೀಸಿನ ಆ ಮೂಲೆಯಿಂದ ಈ ಮೂಲೆಯವರೆಗೆ ಟಿಂಗ್ ಟಿಂಗ್ ಎಂದಿತು.

"ಏನಮ್ಮಾ ಇದು, ಬಡ್ಕೊಳ್ತಾ ಐತೆ?" ಎಂದು ಪೇಂಟ್ ಸೆಕ್ಷನ್ನಿನವರು ಗಾಬರಿಯಿಂದ ಕೂಗಿದರು.

"ನೀವು ಒತ್ತೋವರೆಗೂ ಬಿಡಲ್ಲ ಸಾರ್!"

ಅಪ್ಪಟ ಸುಳ್ಳು. ಮುಚ್ಚಿದರೆ ಮುಚ್ಚಿಕೊಳ್ಳುತ್ತಿತ್ತು. ಅದನ್ನು ಹೇಳಲು ನನಗೇನು ಹುಚ್ಚೇ? ಎರಡನೆಯ 'ಯೆಸ್' ಬಂತು. ಇನ್ನೊಂದು, ಮತ್ತೊಂದು. ಒಬ್ಬರು 'ನೋ' ಒತ್ತಿ, ಹೌಹಾರಿ ಓಡಿಬಂದರು. "ಕೈ ಜಾರ್ತು ಕಣಮ್ಮ, ನಾನ್ಯಾಕೆ ಬೇಡ ಅನ್ಲಿ?" ಮತ್ತೆ ಒತ್ತಿಸಿದೆ. ನಾಲ್ಕೂಕಾಲಿಗೆ ಎಂಟಕ್ಕೆ ಎಂಟು! ಹೆಸರುಗಳನ್ನು ಸೀನಿಯಾರಿಟಿ ಪ್ರಕಾರ ಟೈಪ್ ಮಾಡಿ, ಪ್ರಿಂಟ್ ತೆಗೆದು, ರಾಣಿಯ ಹಾಗೆ ನಡೆದು ಹೋಗಿ ಮ್ಯಾನೇಜರ್ ಮುಂದೆ ಇಟ್ಟೆ. ಅವರು ಎರಡು ಸಲ ಎಣಿಸಿದರು. "ಅಲ್ಲಮ್ಮ, ಎರಡು ತಿಂಗಳಾದ್ರೂ ಆಗದೇ ಇದ್ದದ್ದು!" ಎಂದರು.

ಮುಂದಿನ ತಿಂಗಳು ನಮ್ಮ ಬಸ್ಸು ಬಂತು. ಅದೇ ತಿಂಗಳ ಕೊನೆಗೆ ನನ್ನ ಪತ್ರವನ್ನು ನಾನೇ ಟೈಪ್ ಮಾಡಿದೆ, ಕೆಲಸ ಕಾಯಂ ಆದ ಪತ್ರ. ಒಂದು ಅಕ್ಷರವೂ ತಪ್ಪಲಿಲ್ಲ.

ಬಸ್ಸು ಬಂದ ಮೊದಲ ದಿನ ಕ್ಯಾಂಟೀನಿನಲ್ಲಿ ಏಳು ಜನ ಹೆಡ್‌ಗಳೂ ಒಬ್ಬರಾದ ಮೇಲೊಬ್ಬರು, "ಫಸ್ಟು ಒತ್ತಿದ್ದು ನಾನೇ" ಎಂದು ಎದೆ ತಟ್ಟಿಕೊಂಡರು. ನಾನು ನಗುವನ್ನು ಕಾಫಿ ಲೋಟದ ಹಿಂದೆ ಬಚ್ಚಿಟ್ಟುಕೊಂಡು ಕೂತಿದ್ದೆ. ಎಂಟನೆಯವರು ಮೂಲೆಯಲ್ಲಿ ಕಾಫಿ ಮುಗಿಸಿ, ಲೋಟ ಇಟ್ಟು, ನನ್ನ ಪಕ್ಕದಲ್ಲೇ ಹಾದುಹೋಗುತ್ತಾ ಮೆಲ್ಲಗೆ ಅಂದರು:

"ಇವತ್ತು ಗೇಟಿಂದ ನೀನು ನಡ್ಕೊಂಡು ಬಂದೆ. ನೋಡ್ದೆ ಕಣಮ್ಮ."