ಸಾವಿರದ ಇನ್ನೂರು ಸುತ್ತು

ವಿಮಲಾ ಕಾಕುವನ್ನು ಏನು ಕೇಳಿದರೂ ಉತ್ತರವಾಗಿ ಒಂದು ಸಂಖ್ಯೆ ಬರುತ್ತಿತ್ತು. "ಚೆನ್ನಾಗಿದ್ದೀರಾ?" ಎಂದರೆ "ಮುನ್ನೂರಾ ಹನ್ನೆರಡು". "ಕಾಫಿ ಪುಡಿ ತಂದಿದ್ದೀನಿ" ಎಂದರೆ "ಮುನ್ನೂರಾ ಹದಿನಾರು, ಅಲ್ಲಿಡು, ಮುನ್ನೂರಾ ಹದಿನೇಳು". ಒಂದು ಕೈ ಪುಟ್ಟ ಯಂತ್ರದ ಹಿಡಿಕೆ ತಿರುಗಿಸುತ್ತಿದ್ದರೆ ಇನ್ನೊಂದರ ಬೆರಳ ಸಂದಿಯಿಂದ ಕೂದಲೆಳೆಯಂಥ ತಾಮ್ರದ ತಂತಿ ಸರಿಯುತ್ತಿತ್ತು. ಎಣಿಕೆ ತಪ್ಪಿದರೆ ಎಲ್ಲ ಬಿಚ್ಚಿ ಮತ್ತೆ ಒಂದರಿಂದ.

ಬಂಗಾಳಿಗಳ ಈ ಊರಿನ ಐಟಿ ಬಡಾವಣೆ ಸೆಕ್ಟರ್ ಫೈವ್‌ನ ನಮ್ಮ ಆಫೀಸಿನ ಹಾಡುಗುಂಪಿನಲ್ಲಿ ನಾನು ಗಿಟಾರ್ ನುಡಿಸುತ್ತಿದ್ದೆ. ಒಂದೇ ಗಿಟಾರನ್ನು ಎರಡು ಆಂಪ್ಲಿಫೈಯರ್‌ಗೆ ಜೋಡಿಸಿದರೆ ಸಾಕು, ಗುಂಯ್ಯೆನ್ನುವ ಸದ್ದು. ಸಹೋದ್ಯೋಗಿಯೊಬ್ಬ ಕಾಕು ಅವರ ವಿಳಾಸ ಕೊಟ್ಟ. ಧಾರವಾಡದವರು, ಇಲ್ಲಿನ ಕಾಲೇಜೊಂದರ ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿದ್ದು ನಿವೃತ್ತರಾದವರು. ಮೈಸೂರಿನವನಾದ ನಾನು "ಆಂಟಿ" ಎಂದಾಗ ಮುಖ ಗಂಟಿಕ್ಕಿದರು. "ಕಾಕು ಅನ್ನು. ಇಲ್ಲಾಂದ್ರ ನಡಿ."

ಆಮೇಲೆ ಪಾಠ. "ನಿನ್ನ ಎರಡೂ ಡಬ್ಬಿ ಒಂದರ ಕೈ ಒಂದು ಹಿಡಕೊಂಡು ಕೂತಾವ, ಅದಕ್ಕ ಗುಂಯ್ ಅಂತಾವ. ಕೈ ಬಿಡಸಬೇಕು. ನಡುವ ಟ್ರಾನ್ಸ್‌ಫಾರ್ಮರ್ ಇಟ್ಟರ ತಂತಿಗೆ ತಂತಿ ಹತ್ತಂಗಿಲ್ಲ, ಹಾಡು ಮಾತ್ರ ದಾಟತದ." ಗಿಟಾರಿನ ದಾರಿಯನ್ನು ಎರಡಾಗಿ ಕವಲೊಡೆಸುವ ಪೆಟ್ಟಿಗೆಗೆ ಸಾವಿರದ ಇನ್ನೂರು ಸುತ್ತಿನ ಎರಡು ಸುರುಳಿ ಬೇಕು ಎಂದರು.

ಒಳಕೋಣೆಯಲ್ಲಿ ಅವರ ಯಜಮಾನರು, ರಾಯರು, ನೆನಪು ಮಾಸಿ ಕುಳಿತಿದ್ದರು. ಕಾಕುವಿನ ದನಿ ಒಂದು ನಿಮಿಷ ಕೇಳದಿದ್ದರೆ "ವಿಮಲಾ! ವಿಮಲಾ!" ಎಂದು ಗೋಡೆ ಹಿಡಿದು ನಡುಗುತ್ತಾ ಬರುತ್ತಿದ್ದರು. ಎಣಿಕೆ ಕೇಳುತ್ತಿದ್ದರೆ ಮಾತ್ರ ಶಾಂತ. ಹಾಗಾಗಿ ಕಾಕು ತಂತಿಯಿಲ್ಲದಾಗಲೂ ಎಣಿಸುತ್ತಿದ್ದರು. ಪಡವಲ ಹೆಚ್ಚುವಾಗ, ಬಟ್ಟೆ ಮಡಚುವಾಗ, ಮೂರನೇ ಮಹಡಿಯಿಂದ ತರಕಾರಿಯವನಿಗೆ ಹಗ್ಗ ಕಟ್ಟಿದ ಚೀಲ ಇಳಿಬಿಡುವಾಗ. ನಾಲ್ಕು ವರ್ಷದಿಂದ ಅವರು ಗೇಟು ದಾಟಿರಲಿಲ್ಲ. ಮೊದಲ ದಿನ ನನಗೆ ನಗು ಬಂದಿತ್ತು. ಆಮೇಲೆ ಆ ಮನೆಯಲ್ಲಿ ಅರ್ಧ ಗಂಟೆ ಕೂತರೆ ನನಗೇ ಉಸಿರು ಕಟ್ಟುತ್ತಿತ್ತು.

ಪೆಟ್ಟಿಗೆ ಗೆದ್ದಿತು. ಗುಂಯ್ ಸದ್ದು ಪೂರ್ತಿ ಹೋಯಿತೆಂದು ಹೇಳಿದಾಗ ಕಾಕು ಮೊದಲ ಬಾರಿ ಎಣಿಕೆ ಮರೆತರು. "ನನ್ನ ಕಿವಿಲೇ ಒಮ್ಮೆ ಕೇಳಬೇಕಲ್ಲೋ ತಮ್ಮಾ." ಜೋರು ಸದ್ದಿಗೆ ರಾಯರು ಹೆದರುತ್ತಿದ್ದುದರಿಂದ ಆಂಪ್ಲಿಫೈಯರನ್ನು ಅಲ್ಲಿಗೆ ಒಯ್ಯುವಂತಿರಲಿಲ್ಲ. ನಮ್ಮ ಅಭ್ಯಾಸದ ಕೋಣೆ ಆಟೋದಲ್ಲಿ ಹತ್ತು ನಿಮಿಷ. ಉಪಾಯ ನನ್ನದೇ: ಒಂದರಿಂದ ಸಾವಿರದ ಇನ್ನೂರರವರೆಗೆ ಅವರ ಎಣಿಕೆಯನ್ನು ಫೋನಿನಲ್ಲಿ ಹಿಡಿದಿಟ್ಟೆ.

ಒಂದು ಭಾನುವಾರ ಮಧ್ಯಾಹ್ನ, ಎದುರು ಮನೆಯ ಬಂಗಾಳಿ ಅತ್ತಿಗೆ, ಬೌದಿ, ರಾಯರ ಬಳಿ ಕೂತರು. ಫೋನು ಎಣಿಸತೊಡಗಿತು. ಇಸ್ತ್ರಿ ಮಾಡಿದ ಸೀರೆಯುಟ್ಟ ಕಾಕು ಒಂದೊಂದೇ ಮೆಟ್ಟಿಲಿಳಿದು ಗೇಟಿನವರೆಗೆ ಬಂದರು. ಆಟೋ ನಿಂತಿತ್ತು. ಹತ್ತದೆ ಮೇಲೆ ನೋಡಿದರು.

"ಕರದರೇನು?"

"ಇಲ್ಲ ಕಾಕು."

"ಒಮ್ಮೆನೂ ಕರೀಲಿಲ್ಲ?"

ತಿರುಗಿ ಮೆಟ್ಟಿಲು ಹತ್ತಿಯೇಬಿಟ್ಟರು. ನಾನು ಹಿಂದೆ ಓಡಿದೆ. ರಾಯರು ಫೋನನ್ನು ಕಿವಿಗೊತ್ತಿಕೊಂಡು, ಒಂದೊಂದು ಸಂಖ್ಯೆಗೂ ತಲೆಯಾಡಿಸುತ್ತಾ ಮಂಚದ ಮೇಲೆ ಕೂತಿದ್ದರು. ಬಾಗಿಲಲ್ಲಿ ನಿಂತ ಹೆಂಡತಿಯನ್ನು ನೋಡಿ ತುಟಿಗೆ ಬೆರಳಿಟ್ಟರು. "ಗದ್ಲ ಮಾಡಬ್ಯಾಡ್ರಿ. ನಮ್ಮ ವಿಮಲಾ ಎಣಸ್ಲಿಕ್ಕೆ ಹತ್ಯಾಳ."

"ಈಗಲೂ ಹೋಗಬಹುದು ಕಾಕು," ಎಂದೆ. ಎಂಥ ಮೂರ್ಖ ನಾನು!

"ಅಳಸಿಬಿಡು ಅದನ್ನ," ಎಂದರು ಕಾಕು.

ಅವರನ್ನು ನಾನು ಕಡೆಯ ಸಲ ನೋಡಿದ್ದು ಅಂದೇ. ಮುಂದಿನ ತಿಂಗಳು ಕಾಕುವಿನ ಮೈದುನ ಬಂದು ಇಬ್ಬರನ್ನೂ ಪುಣೆಗೆ ಕರೆದೊಯ್ದರಂತೆ. ಆ ಮಧ್ಯಾಹ್ನ ನಾನು ಫೋನು ತೆಗೆದುಕೊಂಡು ಅಳಿಸಿದೆ. ದನಿ ನಿಂತೊಡನೆ ರಾಯರು "ವಿಮಲಾ!" ಎಂದು ಕೂಗಿದರು. ಕಾಕು ಎರಡೇ ಹೆಜ್ಜೆ ದೂರದಲ್ಲಿದ್ದರು. ಓಗೊಡಲಿಲ್ಲ. ಇನ್ನೊಂದು ಸಲ ಕರೆಯಲೆಂದು ಕಾಯುತ್ತಾ ನಿಂತರು.