ಕರೆಪ್ಪ ಕಾಕಾನ ಕಾಪಿ

ಮಸಗುಪ್ಪಿ ಹತ್ತಿರದ ಕಬ್ಬಿನ ಕಾಟಾದಲ್ಲಿ ತೂಕ ಮಾಡುವ ಕರೆಪ್ಪ ಕಾಕಾ ಹದಿನೆಂಟು ವರ್ಷ ಅದೇ ಕಾಟಾದ ಗೇಟು ಕಾದವರು. ಐವತ್ತೆರಡನೆಯ ವಯಸ್ಸಿನಲ್ಲಿ ಮೂಡಲಗಿಯ ಕಂಪ್ಯೂಟರ್ ಕ್ಲಾಸಿಗೆ ಮೂರು ತಿಂಗಳು ಸೈಕಲ್ ತುಳಿದು, ಸರ್ಟಿಫಿಕೇಟು ತಂದು, ಒಳಗಿನ ಕುರ್ಚಿಯಲ್ಲಿ ಕೂತರು. ದಿನಾ ಬೆಳಿಗ್ಗೆ ಆ ಕುರ್ಚಿಗೆ ಕೈಮುಗಿಯುತ್ತಾರೆ. ಮೊದಲ ಸಲ ನೋಡಿದಾಗ ನಾನು ನಕ್ಕಿದ್ದೆ.

ಅಲ್ಲಿನ ತೂಕದ ಪ್ರೋಗ್ರಾಂ ಬರೆದವಳು ಗೋಕಾಕದವಳಾದ ನಾನು. ಕಪ್ಪು ಪರದೆ, ಬಿಳಿ ಅಕ್ಷರ, ಮೌಸಿನ ಹಂಗಿಲ್ಲ. ಕಾಕಾ ಕುರ್ಚಿಗೆ ಬಂದ ವಾರದಿಂದ ಅದು ದಿನಕ್ಕೆ ಐದಾರು ಸಲ ತೂಕದ ನಡುವೆಯೇ ಸಾಯತೊಡಗಿತು. ಟ್ರ್ಯಾಕ್ಟರುಗಳ ಸಾಲು ರಸ್ತೆಗೆ ಬಂತು.

"ಮಯೂರಿ ಮೇಡಂ, ಸೋಮವಾರದೊಳಗ ಸರಿ ಆಗಲಿಲ್ಲಂದ್ರ ಕರೆಪ್ಪ ಮತ್ತ ಗೇಟಿಗೇ," ಎಂದರು ಮ್ಯಾನೇಜರ್ ಅಶೋಕ.

ಮೂರು ಸಲ ಹೋಗಿ ಕುರ್ಚಿಯಲ್ಲಿ ಕೂತು ನೋಡಿದೆ. ಒಮ್ಮೆಯೂ ಸಾಯಲಿಲ್ಲ. ಕೇಬಲ್ ಬದಲಿಸಿದೆ, ಪ್ರಿಂಟರನ್ನು ಬೈದೆ, ಮನಸ್ಸಿನಲ್ಲೇ ಕಾಕಾನನ್ನೂ ಬೈದೆ. ಶನಿವಾರ ಅವರನ್ನೇ ಕೂರಿಸಿ ಹಿಂದೆ ನಿಂತೆ.

ಕೊಣ್ಣೂರಿನ ರೈತನೊಬ್ಬ ಕಿಟಕಿಯಲ್ಲಿ ಮುಖ ತೂರಿಸಿದ. "ನನಗ ತೂಕದ ಚೀಟಿ ಎರಡ ಕಾಪಿ ಬೇಕ್ರಿ."

ಕಾಕಾ ಗಂಭೀರವಾಗಿ ಕಂಟ್ರೋಲ್ ಮತ್ತು ಸಿ ಬಟನ್ನುಗಳನ್ನು ಒಟ್ಟಿಗೆ ಒತ್ತಿದರು. ಪ್ರೋಗ್ರಾಂ ಸತ್ತಿತು.

"ಕಾಕಾ, ಏನ್ ಮಾಡಿದ್ರಿ ಇದು?"

"ಕಾಪಿರಿ ಅಕ್ಕಾರ. ಕ್ಲಾಸಿನ್ಯಾಗ ಹಿಂಗ ಕಲಿಸ್ಯಾರ."

ಕ್ಲಾಸಿನಲ್ಲಿ ಅದು ಕಾಪಿಯೇ. ನನ್ನ ಕಪ್ಪು ಪರದೆಯಲ್ಲಿ ಮಾತ್ರ ಅದರರ್ಥ, ಮಾಡುತ್ತಿರುವ ಕೆಲಸ ಬಿಟ್ಟು ಏಳು ಎಂದು. ಅದನ್ನು ಅವರಿಗೆ ಹೇಳಬೇಕಾದವಳು ನಾನು, ಹೇಳಿರಲಿಲ್ಲ. ನಿಜಕ್ಕೂ ನಾಚಿಕೆಯಾಯಿತು.

ಒತ್ತಬೇಡಿ ಎಂದು ಹೇಳಿ ಮುಗಿಸಬಹುದಿತ್ತು. ಮೂರು ತಿಂಗಳು ಸೈಕಲ್ ತುಳಿದು ಕಲಿತದ್ದನ್ನು ತಪ್ಪು ಎನ್ನಲು ಬಾಯಿ ಬರಲಿಲ್ಲ. ಅಲ್ಲೇ ಕೂತು ಪ್ರೋಗ್ರಾಮನ್ನೇ ತಿದ್ದಿದೆ: ಆ ಎರಡು ಬಟನ್ ಒತ್ತಿದರೆ ಕೈಯಲ್ಲಿರುವ ತೂಕ ಮುಗಿಸು, ಆಮೇಲೆ ಇನ್ನೊಂದು ಚೀಟಿ ಮುದ್ರಿಸು.

ಸೋಮವಾರ ಅದು ಒಮ್ಮೆಯೂ ಸಾಯಲಿಲ್ಲ. ಕಾಕಾನ ಕುರ್ಚಿ ಉಳಿಯಿತು.

ಮುಂದಿನ ತಿಂಗಳು ಏನೋ ಸಣ್ಣ ರಿಪೇರಿಗೆ ಹೋದವಳು ಅವರ ಕುರ್ಚಿಯಲ್ಲಿ ಕೂತು, ಪ್ರೋಗ್ರಾಂ ನಿಲ್ಲಿಸಲು ಹಳೆಯ ಚಟದಂತೆ ಕಂಟ್ರೋಲ್ ಮತ್ತು ಸಿ ಒತ್ತಿದೆ. ನಿಲ್ಲಲಿಲ್ಲ. ಮತ್ತೆ ಒತ್ತಿದೆ. ಸಿಟ್ಟಿನಿಂದ ಮತ್ತೊಮ್ಮೆ ಒತ್ತಿದೆ.

ಪ್ರಿಂಟರಿನಿಂದ ಮೂರು ಚೀಟಿ ಬಂದವು. ಕಾಕಾ ಅವನ್ನು ನೀಟಾಗಿ ಹರಿದು ನನ್ನ ಕೈಗಿಟ್ಟರು.

"ಒಂದ ಸಾಕಿತ್ತಲ್ರಿ ಅಕ್ಕಾರ, ಕಾಗದ ಯಾಕ ಹಾಳ ಮಾಡ್ತೀರಿ? ಏಳ್ರಿ, ಕುರ್ಚಿ ಬಿಡ್ರಿ."