ಅಣ್ಣನ ಬಾಗಿಲಿಗೆ ಎದುರಾಗಿ ನಿಂತ ವ್ಯಾನು

ನಮ್ಮ ಮನೆಯವರಿಗೆ ಹಿಂದೂಪುರದಲ್ಲಿ ಗಾಡಿಗಳಿಗೆ ಸೀಟು ಹೊಲಿಯುವ ಅಂಗಡಿ ಇದೆ. ಆಟೊ, ಲಾರಿ, ಟ್ರ್ಯಾಕ್ಟರ್, ಯಾವುದು ಬಂದು ನಿಂತರೂ ರೆಕ್ಸಿನ್ ಹೊದಿಸಿ ಕಳಿಸುತ್ತಾರೆ. ಅಂಥವರ ಕೈಗೆ ಒಂದು ಹಳೆಯ ಸ್ಕೂಲ್ ವ್ಯಾನು ಸಿಕ್ಕಿತು. ಬೆಂಚುಗಳನ್ನು ಕಿತ್ತು ಹಾಕಿ ಎರಡು ಮಂಚ ಕೂರಿಸಿದರು. ಗ್ಯಾಸ್ ಒಲೆಗೆ ಒಂದು ಕಟ್ಟೆ, ಮೂಲೆಯಲ್ಲಿ ನೀರಿನ ಡ್ರಮ್ಮು, ಪರದೆಯ ಹಿಂದೆ ಮಕ್ಕಳಿಗೆ ಅಂತ ಒಂದು ಬಕೆಟ್ಟು. ಮಂಚ, ಗೋಡೆ, ಬಾಗಿಲು ಎಲ್ಲದಕ್ಕೂ ಕೆಂಪು ರೆಕ್ಸಿನ್. ಮೊಬೈಲಿನಲ್ಲಿ ನೋಡಿ ಕಲಿತ ಹೆಸರು, ಕ್ಯಾರವಾನ್ ಅಂದರು. ನಾನು ಡಬ್ಬ ಅಂದೆ.

ಬೀದಿಯವರೆಲ್ಲ ಬಂದು ನೋಡಿ ಹೊಗಳಿದರು. ಮಕ್ಕಳಿಗೆ ಪ್ರಪಂಚ ತೋರಿಸುತ್ತೇನೆ ಎಂದು ಇವರು ಹೇಳಿಕೊಂಡರು. ಪ್ರಪಂಚವೂ ಇಲ್ಲ, ಮಣ್ಣೂ ಇಲ್ಲ. ಆ ಡಬ್ಬ ಹುಟ್ಟಿದ್ದೇ ಕಲ್ಯಾಣದುರ್ಗದಲ್ಲಿರುವ ನನ್ನ ಅಣ್ಣನ ಮನೆಯಲ್ಲಿ ಮಲಗಬಾರದು ಎಂಬ ಹಟಕ್ಕೆ.

ಹಟದ ಮೂಲ, ಅದಕ್ಕೂ ಮೂರು ವರ್ಷ ಹಿಂದಿನ ಒಂದು ಊಟ. ಅಣ್ಣನ ಗೃಹಪ್ರವೇಶದ ದಿನ ಮೊದಲ ಪಂಕ್ತಿಗೆ ಇವರನ್ನು ಯಾರೂ ಕರೆಯಲಿಲ್ಲ. ನಮ್ಮ ಕಡೆ ಮನೆಯ ಅಳಿಯನನ್ನು ಕೈ ಹಿಡಿದು ಕರೆದು ಕೂರಿಸಬೇಕು. ಅಣ್ಣ ಶಾಮಿಯಾನದವನ ಜೊತೆ ಜಗಳದಲ್ಲಿದ್ದ, ಮರೆತ. ಇವರು ಎಲೆ ಮುಂದೆ ಕೂರದೆ ಬೈಕ್ ಹತ್ತಿ ಹಿಂದೂಪುರಕ್ಕೆ ಬಂದುಬಿಟ್ಟರು. ಹಸಿದ ಹೊಟ್ಟೆಗೆ ಕರೆ ಯಾಕೆ ಬೇಕಿತ್ತು ಎಂದು ನಾನು ಹಿಂದೆಯೇ ಬಂದು ರಾತ್ರಿಯೆಲ್ಲ ಬೈದೆ. ಇನ್ನು ಆ ಮನೆಯಲ್ಲಿ ಕೈ ತೊಳೆಯುವುದಿಲ್ಲ ಎಂದರು ಇವರು. ಹೇಳದೆ ಹೋದವನನ್ನು ಕಾಲು ಹಿಡಿದು ಕರೆಯುವವನು ನಾನಲ್ಲ ಎಂದ ಅಣ್ಣ. ಅಪ್ಪ ಅಮ್ಮ ಹೋದಮೇಲೆ ನನಗೆ ತವರು ಅಂತ ಉಳಿದಿದ್ದು ಆ ಒಂದು ಮನೆ. ಇಬ್ಬರು ಗಂಡಸರ ಒಂದು ಊಟದ ಸಿಟ್ಟಿಗೆ ಅದರ ಬಾಗಿಲು ನನಗೆ ಮುಚ್ಚುವುದರಲ್ಲಿತ್ತು.

ಹೀಗೇ ಇರುತ್ತಿತ್ತೋ ಏನೋ, ಆದರೆ ಮಗನ ಮುಡಿ ತೆಗೆಸಬೇಕಿತ್ತು. ಕಂಬದೂರಿನ ಹತ್ತಿರ ಇರುವ ಮನೆದೇವರಿಗೆ ಹುಟ್ಟುಗೂದಲು ಕೊಡಬೇಕು, ಮೂರು ತುಂಬುವುದರೊಳಗೆ ಕೊಡಬೇಕು, ಮಗು ಸೋದರಮಾವನ ತೊಡೆಯ ಮೇಲೇ ಕೂರಬೇಕು. ಮಾವನನ್ನು ಕರೆಯುವುದಕ್ಕೂ ಒಂದು ಕ್ರಮವಿದೆ. ಗಂಡ ಹೆಂಡತಿ ಇಬ್ಬರೂ ಅವನ ಮನೆಯೊಳಗೆ ಹೋಗಿ ಎಲೆ ಅಡಿಕೆ ಇಟ್ಟು ಕರೆಯಬೇಕು. ಫೋನಿನಲ್ಲಿ ಆಗುವ ಕೆಲಸವಲ್ಲ.

ಬೇಸಿಗೆಯ ಒಂದು ಬೆಳಿಗ್ಗೆ ಹೊರಟೆವು. ರೊದ್ದಂ ದಾಟುವಷ್ಟರಲ್ಲಿ ವ್ಯಾನಿನೊಳಗೆ ಒಲೆ ಹಚ್ಚದೆಯೇ ಬೇಯುತ್ತಿತ್ತು. ಚೆಂದ ಕಾಣಲಿ ಎಂದು ಇವರು ಒಂದು ಕಡೆಯ ಕಿಟಕಿಗಳಿಗೆಲ್ಲ ಹಲಗೆ ಹೊಡೆದು ರೆಕ್ಸಿನ್ ಹಾಕಿಬಿಟ್ಟಿದ್ದರು. ಬೆವರಿದ ಮಕ್ಕಳ ತೊಡೆ ಮಂಚಕ್ಕೆ ಅಂಟಿ, ಎಬ್ಬಿಸಿದಾಗಲೆಲ್ಲ ಸಿಪ್ಪೆ ಸುಲಿದ ಹಾಗೆ ಸದ್ದಾಗುತ್ತಿತ್ತು. ಆರು ವರ್ಷದ ಮಗಳು ಬಕೆಟ್ಟಿನ ಮೇಲೆ ಕೂರುವ ಹೊತ್ತಿಗೇ ಗುಂಡಿ ಬಂದು, ಬಕೆಟ್ಟು ಒಂದು ಕಡೆ, ಅವಳು ಒಂದು ಕಡೆ. ಪುಟ್ಟವನು ನನ್ನ ಸೀರೆಯ ಮೇಲೆ ವಾಂತಿ ಮಾಡಿದ. ಇವರು ಹಾಡು ಹಾಕಿಕೊಂಡು, ಇನ್ನೇನು ಗಾಳಿ ಬರುತ್ತದೆ ಎನ್ನುತ್ತ ವ್ಯಾನು ಓಡಿಸಿದರು. ಗುಡ್ಡದ ಮೇಲಿನ ಗಾಳಿಯಂತ್ರಗಳೇ ತಿರುಗದೆ ನಿಂತಿದ್ದವು, ನಮಗೆಲ್ಲಿಂದ ಗಾಳಿ?

ಕಲ್ಯಾಣದುರ್ಗದಲ್ಲಿ ಅಣ್ಣನ ಮನೆಯ ಬಾಗಿಲಿಗೆ ಸರಿಯಾಗಿ ಎದುರು, ಬೀದಿಯ ಆಚೆ ಬದಿಗೆ ವ್ಯಾನು ನಿಲ್ಲಿಸಿದರು. ಬಾಗಿಲಿಗೆ ಬಾಗಿಲು. ಆಮೇಲೆ ಎಲೆ ಅಡಿಕೆಯ ತಟ್ಟೆಯನ್ನು ಮಂಚದ ಮೇಲಿಟ್ಟು ಕಾಲು ಚಾಚಿ ಕೂತರು. ಅಣ್ಣ ಇಲ್ಲಿಗೆ ಬಂದು ತಟ್ಟೆ ತೆಗೆದುಕೊಳ್ಳಲಿ, ಇದೂ ನನ್ನ ಮನೆಯೇ, ಎಂದರು.

ನಾನು ತಟ್ಟೆ ಹಿಡಿದು ಒಬ್ಬಳೇ ಹೋದೆ. ಅಣ್ಣ ನಡುಮನೆಯಲ್ಲಿ ಫ್ಯಾನಿನ ಕೆಳಗೆ ಕೂತಿದ್ದ. ಹೇಗಿದ್ದೀಯ ಎಂದೂ ಕೇಳಲಿಲ್ಲ.

"ಕರಿಯಾಕೆ ಬಂದೋನು ಹೊಸ್ಲು ದಾಟಿ ಬರ್ಬೇಕು ಕಣಮ್ಮ. ನಿನ್ ಕೈನಾಗೆ ಈಸ್ಕಂಡ್ರೆ ನಾಳೆ ಜನ ನನ್ನೇ ಆಡ್ಕಂತಾರೆ."

ಅತ್ತಿಗೆ ಬಾಗಿಲ ಸಂದಿಯಲ್ಲಿ ನಿಂತು ನನ್ನ ಸೀರೆಯ ಮೇಲಿನ ವಾಂತಿಯ ಕಲೆಯನ್ನೇ ನೋಡುತ್ತಿದ್ದಳು. ತಟ್ಟೆ ಹಿಡಿದುಕೊಂಡು ವಾಪಸ್ಸು ಬಂದೆ.

ಆ ದಿನ, ಮಾರನೆಯ ದಿನ ನಾವು ಆ ಬೀದಿಯಲ್ಲಿ ಸಂಸಾರ ಮಾಡಿದೆವು. ನನ್ನ ತವರಿನ ಬಾಗಿಲ ಮುಂದೆ ಕುಕ್ಕರ್ ಕೂಗಿಸಿದೆ, ಮಕ್ಕಳ ಚಡ್ಡಿ ಒಗೆದು ವ್ಯಾನಿನ ಏಣಿಗೆ ಒಣಹಾಕಿದೆ. ಒಗ್ಗರಣೆಯ ವಾಸನೆ ಹಿಡಿದು ಜನ ಬರತೊಡಗಿದರು. "ಅಕ್ಕಾ, ದೋಸೆ ಉಂದಾ?" ಎಂದು ಒಬ್ಬ ಕೇಳಿದ. ಇದು ಹೋಟೆಲ್ಲಲ್ಲ ಎಂದು ನಾನು ತೆಲುಗಿನಲ್ಲಿ ಹೇಳಿದರೆ, ಮತ್ತೆ ಯಾಕೆ ಇಲ್ಲಿ ನಿಲ್ಲಿಸಿದ್ದೀರಿ ಎಂದು ಅವನೇ ರೇಗಿದ. ಅಣ್ಣ ಆಗಾಗ ಬಾಗಿಲಿಗೆ ಬಂದು ಕೆಮ್ಮಿ ಒಳಗೆ ಹೋಗುತ್ತಿದ್ದ. ಕೆಮ್ಮು ಕೇಳಿದ ಕೂಡಲೆ ಇವರು ಹಾಡಿನ ಸದ್ದು ಜಾಸ್ತಿ ಮಾಡುತ್ತಿದ್ದರು.

ಮಗಳು ಎರಡು ಬಾಗಿಲುಗಳ ನಡುವೆ ಓಡಾಡಿಕೊಂಡಿದ್ದಳು. ಮಾವನ ಮನೆಯಲ್ಲಿ ಕೂಲರ್ ಇದೆ, ಮಾವ ಐಸ್ ಕೊಟ್ಟ ಎಂದು ಬಂದು ವರದಿ ಒಪ್ಪಿಸುತ್ತಿದ್ದಳು. ಇವರು ಅವಳನ್ನು ಎಳೆದು ಮಂಚದ ಮೇಲೆ ಕುಕ್ಕಿದರು.

ಎರಡನೆಯ ದಿನ ಮಧ್ಯಾಹ್ನ ಪುಟ್ಟವನಿಗೆ ಮೈ ಸುಡತೊಡಗಿತು. ಉದ್ದ ಕೂದಲು ಬೆವರಿಗೆ ಕತ್ತಿನ ಸುತ್ತ ಮೆತ್ತಿಕೊಂಡು, ಅದರ ಕೆಳಗೆಲ್ಲ ಬೆವರುಸಾಲೆ ಎದ್ದು ಕೆಂಪಗಾಗಿತ್ತು. ಅಳುವುದಕ್ಕೂ ಶಕ್ತಿಯಿಲ್ಲದೆ ಕುಂಯ್ ಎನ್ನುತ್ತಿದ್ದ. ಮಗುವನ್ನು ಒಳಗೆ ತಂಪಿನಲ್ಲಿ ಮಲಗಿಸುತ್ತೇನೆ ಎಂದೆ. ನೀನು ಹೋದರೆ ಅಲ್ಲೇ ಇರು, ವಾಪಸ್ಸು ಬರಬೇಡ ಎಂದರು ಇವರು. ವ್ಯಾನಿನ ಬಾಗಿಲಿಂದಲೇ ಅಣ್ಣನನ್ನು ಕೂಗಿ ಹೇಳಿದೆ. ಅವನು ಎದ್ದು ಬಂದ, ಹೊಸ್ತಿಲ ಒಳಗೇ ನಿಂತ, ಎತ್ತಿಕೊಳ್ಳಲು ಕೈ ಚಾಚಿದ. ಕಾಲು ಮಾತ್ರ ಹೊರಗಿಡಲಿಲ್ಲ.

ನನಗೆ ಎಲ್ಲಿಂದ ಬಂತೋ ಸಿಟ್ಟು. ರೆಕ್ಸಿನ್ ಕತ್ತರಿಸುವ ಇವರ ದೊಡ್ಡ ಕತ್ತರಿ ಒಲೆಯ ಕಟ್ಟೆಯ ಕೆಳಗಿತ್ತು. ಅದನ್ನು ತೆಗೆದುಕೊಂಡು, ಮಗುವನ್ನು ಕಂಕುಳಿಗೆ ಹಾಕಿಕೊಂಡು ಇಳಿದೆ. ಎರಡು ಬಾಗಿಲುಗಳ ಮಧ್ಯೆ, ಸುಡುವ ರಸ್ತೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ. ಮಗುವನ್ನು ನನ್ನ ತೊಡೆಯ ಮೇಲೆಯೇ ಕೂರಿಸಿಕೊಂಡು, ನೆತ್ತಿಯ ಜುಟ್ಟನ್ನು ಹಿಡಿದು ಕತ್ತರಿಸಿದೆ. ಆಮೇಲೆ ಕತ್ತಿನ ಸುತ್ತ ಇದ್ದದ್ದನ್ನೂ ಕತ್ತರಿಸಿದೆ. ಸೋದರಮಾವನ ತೊಡೆಗಾಗಿ ಹತ್ತಿರ ಹತ್ತಿರ ಮೂರು ವರ್ಷ ಬಾಚಿ ಬೆಳೆಸಿದ ಕೂದಲು ನನ್ನ ಸೆರಗಿನಲ್ಲಿ ಬಿತ್ತು. ಮಗು ಸುಮ್ಮನೆ ತಲೆ ಒಡ್ಡಿಕೊಂಡು ಕೂತಿತ್ತು. ಅದಕ್ಕೆ ಹಾಯೆನಿಸಿರಬೇಕು.

ಆಗ ಬಂದರು ಇಬ್ಬರೂ. ಎರಡು ದಿನದಿಂದ ಹೊಸ್ತಿಲು ದಾಟದವನು ಬರಿಗಾಲಿನಲ್ಲಿ ರಸ್ತೆಗೆ ಓಡಿಬಂದ. ಮಂಚ ಬಿಟ್ಟು ಏಳದವರು ವ್ಯಾನಿನಿಂದ ಧುಮುಕಿದರು. ಸದ್ಯ, ಇಳಿದು ಬಂದರಲ್ಲ ಎಂದು ನನಗೆ ಒಂದು ಕ್ಷಣ ಅನಿಸಿತು.

"ದೇವ್ರ ಮುಡೀನ ಬೀದಿನಾಗೆ ತೆಗ್ದ್ಬುಟ್ಲಲ್ಲ ಬಾವ" ಎಂದರು ಇವರು. ಮೂರು ವರ್ಷದಲ್ಲಿ ಅಣ್ಣನ ಜೊತೆ ಆಡಿದ ಮೊದಲ ಮಾತು ಅದು.

"ಮೊದ್ಲಿಂದ್ಲೂ ಇವ್ಳು ಹಿಂಗೇ ಕಣಪ್ಪ. ನಮ್ಮಪ್ಪಂಗೂ ಇವ್ಳ ಕೈಲಿ ಸಾಕಾಗೋಗಿತ್ತು" ಎಂದ ಅಣ್ಣ.

ಇವರು ತಲೆಯಾಡಿಸಿದರು. ನಾನು ಯಾವ ಸಲ ಯಾರ ಮೇಲೆ ಹೇಗೆ ಹಾರಿಬಿದ್ದೆ ಎಂದು ಒಂದೆರಡು ಪ್ರಸಂಗ ಹೇಳಿದರು. ಅಣ್ಣ ನನ್ನ ಚಿಕ್ಕಂದಿನದನ್ನು ತೆಗೆದ. ನಾನು ಕೆಳಗೆ ಕೂತಿದ್ದೆ, ಅವರಿಬ್ಬರೂ ನನ್ನ ತಲೆಯ ಮೇಲೆ ಮಾತಾಡುತ್ತಿದ್ದರು. ಎಷ್ಟು ಹೊಂದಿಕೆಯಾಗಿತ್ತು ಅವರಿಗೆ! ಅಣ್ಣ ಪೂಜಾರಿಗೆ ಫೋನು ಹಚ್ಚಿದ, ಉಳಿದ ಕೂದಲಿಗೆ ನಾಳೆ ಶಾಸ್ತ್ರ ಮಾಡಬಹುದು ಎಂದು ಆ ಕಡೆಯಿಂದ ಅಭಯ ಸಿಕ್ಕಿತು. ಅಣ್ಣ ಮಗುವನ್ನು ನನ್ನ ತೊಡೆಯಿಂದ ಎತ್ತಿಕೊಂಡ. ಇನ್ನೊಂದು ಕೈಯಲ್ಲಿ ನನ್ನ ಗಂಡನ ಕೈ ಹಿಡಿದ.

"ಬಾ ಬಾವ, ಒಳಿಕ್ಕೆ ಬಾ. ಊಟ ಮಾಡಿವಂತೆ."

ಹೋದರು. ಮಗಳು ಹಿಂದೆಯೇ ಓಡಿದಳು. ಅತ್ತಿಗೆ ಕಾಲಿಗೆ ನೀರು ಕೊಟ್ಟಳು. ನನ್ನನ್ನು ಯಾರೂ ಕರೆಯಲಿಲ್ಲ. ಮನೆಮಗಳನ್ನು ಕರೆಯುವ ಪದ್ಧತಿಯೇ ನಮ್ಮಲ್ಲಿಲ್ಲ, ಅವಳ ಮನೆಗೆ ಅವಳೇ ಬರಬೇಕು. ನಾನು ಕೂದಲನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಡಬ್ಬದೊಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಯಾರಾದರೂ ಬಂದು ತಟ್ಟುತ್ತಾರೆ ಎಂದು ಕಾದೆ. ಸಂಜೆ ಹೊತ್ತಿಗೆ ಒಬ್ಬರು ಬಂದು ತಟ್ಟಿದರು, ಮಿರಪಕಾಯಿ ಬಜ್ಜಿ ಇದೆಯಾ ಎಂದು.

ಮಾರನೆಯ ದಿನ ದೇವಸ್ಥಾನದಲ್ಲಿ ಮಗು ಅಣ್ಣನ ತೊಡೆಯ ಮೇಲೆ ಕೂತಿತು, ಇವರು ಪಕ್ಕದಲ್ಲಿ ತಟ್ಟೆ ಹಿಡಿದು ನಿಂತರು. ಕಟ್ಟಿಕೊಂಡ ಕೂದಲನ್ನು ಇವರ ಕೈಗೆ ಕೊಟ್ಟು, ನಾನು ಹೊರಗೆ ಎಲ್ಲರ ಚಪ್ಪಲಿ ಕಾದೆ.

ಈಗ ರಜೆ ಬಂದರೆ ಸಾಕು, ಇವರು ಮಕ್ಕಳನ್ನು ಡಬ್ಬದಲ್ಲಿ ತುಂಬಿಕೊಂಡು ಕಲ್ಯಾಣದುರ್ಗಕ್ಕೆ ಹೊರಡುತ್ತಾರೆ. ಕಿಟಕಿಗಳ ಹಲಗೆ ತೆಗೆಸಿದ್ದಾರೆ, ಫ್ಯಾನು ಹಾಕಿಸಿದ್ದಾರೆ. ಅಲ್ಲಿ ಮೊದಲ ಎಲೆ ಇವರಿಗೇ ಅಂತೆ. ನಾನು ಆಮೇಲೆ ಹೋಗಿಲ್ಲ. ಕರೆದಿದ್ದರೆ ಹೋಗುತ್ತಿದ್ದೆ.

ತವರಿನಿಂದ ಹೆಣ್ಣುಮಗಳು ಹೊರಡುವಾಗ ಹೊಸ್ತಿಲ ಒಳಗೆ ನಿಲ್ಲಿಸಿ, ಸೆರಗು ಒಡ್ಡಿಸಿ, ಮಡಿಲಿಗೆ ಅಕ್ಕಿ ಕೊಬ್ಬರಿ ಬೆಲ್ಲ ತುಂಬುತ್ತಾರೆ. ನನ್ನ ಮಡಿಲಕ್ಕಿ ಈಗ ವ್ಯಾನಿನಲ್ಲಿ ಬರುತ್ತದೆ, ಪ್ಲಾಸ್ಟಿಕ್ ಚೀಲಕ್ಕೆ ಗಂಟು ಹಾಕಿ ಅತ್ತಿಗೆ ಇವರ ಕೈಲಿ ಕಳಿಸುತ್ತಾಳೆ. ನೋಡು, ನಿಮ್ಮಣ್ಣ ಮರೆತಿಲ್ಲ, ಎಂದು ಇವರು ಅದನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಹೋಗುತ್ತಾರೆ. ನಾನು ಅವತ್ತೇ ಅದನ್ನು ತೊಳೆದು ಅನ್ನಕ್ಕಿಟ್ಟು, ಅಷ್ಟನ್ನೂ ಇವರಿಗೇ ಬಡಿಸುತ್ತೇನೆ.